ಬಾಣಂತಿಯ ಸಾವಿಗೆ ಒಂದು ಲೆಕ್ಕ ಬೇಕು

ನಮ್ಮ ಜಮಾಅತ್‌ನ ದಫ್ತರದಲ್ಲಿ ಹಲವು ತಲೆಮಾರುಗಳ ಮದುವೆಯ ಲೆಕ್ಕವಿದೆ. ವರನ ಹೆಸರು, ವಧುವಿನ ಹೆಸರು, ಆಕೆಯ ತಂದೆಯ ಹೆಸರು, ಮಹರ್ ಎಷ್ಟು, ಸಾಕ್ಷಿಗಳು ಯಾರು, ಎಲ್ಲವೂ ಅಲ್ಲಿ ನಮೂದಾಗಿವೆ. ಮಸೀದಿಗೆ ಯಾರು ಎಷ್ಟು ತೆಂಗಿನ ಮರ ಬಿಟ್ಟುಕೊಟ್ಟರು ಎಂಬುದೂ ಇದೆ. ಆದರೆ ಆ ವಧುಗಳಲ್ಲಿ ಎಷ್ಟು ಮಂದಿ ಮೊದಲ ಹೆರಿಗೆಯಲ್ಲೋ ಐದನೆಯದರಲ್ಲೋ ತೀರಿಕೊಂಡರು ಎಂಬುದಕ್ಕೆ ಯಾವ ಪುಸ್ತಕವೂ ಇಲ್ಲ. ಆ ಲೆಕ್ಕ ಇದ್ದದ್ದು ಹೆಂಗಸರ ಬಾಯಲ್ಲಿ ಮಾತ್ರ. 'ಅವಳು ಹೆರಿಗೆಯಲ್ಲಿ ಹೋದಳು' ಎಂಬ ಒಂದು ಮಾತು, ಅದರ ಹಿಂದೆ ಒಂದು ನಿಟ್ಟುಸಿರು. ನಮ್ಮ ನೆರೆಯ ಹಿಂದೂ, ಕ್ರೈಸ್ತ ಮನೆಗಳಲ್ಲೂ ಕತೆ ಬೇರೆಯಾಗಿರಲಿಲ್ಲ. ಒಬ್ಬರು ಅಲ್ಲಾಹನ ವಿಧಿ ಎಂದರು, ಇನ್ನೊಬ್ಬರು ಹಣೆಬರಹ ಎಂದರು. ತಾಯಿಯಿಲ್ಲದ ಕೂಸನ್ನು ಅಜ್ಜಿಯೋ ಚಿಕ್ಕಮ್ಮನೋ ಸಾಕಿದರು.

ಕಾಲ ಬದಲಾಗಿದೆ ಎಂಬುದು ನಿಜ. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 65 ಹೆರಿಗೆಗಳು ಆಸ್ಪತ್ರೆಯಲ್ಲಿ ಆಗುತ್ತಿದ್ದವು. 2019-21ರ ಸಮೀಕ್ಷೆಯಲ್ಲಿ ಅದು 97ಕ್ಕೆ ಏರಿತ್ತು. ಈ ನಡುವೆ ಆಶಾ ಕಾರ್ಯಕರ್ತೆಯರು ಬಂದರು, ತಾಯಿ ಕಾರ್ಡ್ ಬಂತು, 2008ರಲ್ಲಿ 108 ಆಂಬುಲೆನ್ಸ್ ಬಂತು. ಸೂಲಗಿತ್ತಿಯ ಕೈಯಿಂದ ಹೆರಿಗೆ ದಾದಿಯ ಕೈಗೆ, ವೈದ್ಯರ ಕೈಗೆ ಹೋಯಿತು. ಇನ್ನು ಹೆದರಬೇಕಾದ್ದಿಲ್ಲ ಎಂದು ನಮ್ಮ ಮನೆಯ ಹಿರಿಯ ಹೆಂಗಸರೂ ನಂಬಿದರು.

ಆ ನಂಬಿಕೆಗೆ ಪೆಟ್ಟು ಬಿದ್ದದ್ದು ಕೆಲವು ವರ್ಷಗಳ ಹಿಂದೆ. ನಮ್ಮ ಚಿಕ್ಕಪ್ಪನ ಮಗಳು ಎರಡನೆಯ ಹೆರಿಗೆಗೆ ಪಟ್ಟಣದ ಒಂದು ಖಾಸಗಿ ಆಸ್ಪತ್ರೆ ಸೇರಿದಳು. ಮಗ್ರಿಬ್ ಬಾಂಗಿನ ಹೊತ್ತಿಗೆ ಮಗು ಹುಟ್ಟಿತು. ಗಂಡು ಮಗು, ತಾಯಿ ಚೆನ್ನಾಗಿದ್ದಾಳೆ ಎಂದು ಮನೆಗೆ ಫೋನ್ ಬಂತು. ಆಮೇಲೆ ರಕ್ತ ಹೋಗುತ್ತಲೇ ಇತ್ತು. ಪಕ್ಕದಲ್ಲಿದ್ದ ಚಿಕ್ಕಮ್ಮ ಹೇಳಿದಾಗಲೆಲ್ಲ 'ಹೆತ್ತ ಮೇಲೆ ಸ್ವಲ್ಪ ಹೋಗಿಯೇ ಹೋಗುತ್ತದೆ' ಎಂಬ ಉತ್ತರ ಸಿಕ್ಕಿತು. ರಾತ್ರಿ ಹತ್ತರ ಸುಮಾರಿಗೆ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದರು. ದಾರಿಯಲ್ಲೇ ಅವಳು ತೀರಿಕೊಂಡಳು. ಕೊನೆಗೆ ಕೈಗೆ ಬಂದ ಕಾಗದದಲ್ಲಿ ಸಾವಿನ ಕಾರಣ 'ಹೃದಯ ಮತ್ತು ಉಸಿರಾಟದ ಸ್ತಂಭನ' ಎಂದಿತ್ತು. ಯಾರು ಸತ್ತರೂ ಹೃದಯ ನಿಲ್ಲುತ್ತದೆ, ಉಸಿರು ನಿಲ್ಲುತ್ತದೆ. ಸಾವಿಗೆ ಸಾವೇ ಕಾರಣ ಎಂದು ಬರೆದುಕೊಟ್ಟಂತಾಯಿತು.

ಮಯ್ಯಿತ್ ಮನೆಗೆ ಬಂದ ರಾತ್ರಿ ಕೇರಿಯ ಹುಡುಗರು ಆಸ್ಪತ್ರೆಯ ಗಾಜು ಒಡೆಯಲು ಹೊರಟಿದ್ದರು. ಹಿರಿಯರು ತಡೆದರು. ತಡೆದದ್ದು ಒಳ್ಳೆಯದೇ ಆಯಿತು. ಗಾಜು ಒಡೆದರೆ ಹುಡುಗರ ಮೇಲೆ ಕೇಸು ಬೀಳುತ್ತದೆ, ಮುಂದಿನ ಬಾರಿ ಕಷ್ಟದ ಹೆರಿಗೆ ಬಂದಾಗ ವೈದ್ಯರು ಮುಟ್ಟಲು ಅಂಜಿ ಬೇರೆ ಊರಿಗೆ ಕಳಿಸುತ್ತಾರೆ, ಅಷ್ಟೇ. ಆದರೆ ಹಿರಿಯರು ತಡೆಯುತ್ತಾ ಹೇಳಿದ 'ವಿಧಿ' ಎಂಬ ಮಾತಿನಲ್ಲೂ ನಮಗೆ ಸಮಾಧಾನ ಸಿಗಲಿಲ್ಲ. ಸಿಟ್ಟು ಒಬ್ಬ ಅಪರಾಧಿಯನ್ನು ಹುಡುಕಿ ಅಲ್ಲಿಗೇ ನಿಲ್ಲುತ್ತದೆ. ವಿಧಿ ಎಂದವರು ಹುಡುಕಲು ಹೊರಡುವುದೇ ಇಲ್ಲ. ಏನಾಯಿತು ಎಂಬ ಪ್ರಶ್ನೆ ಎರಡು ಕಡೆಯಲ್ಲೂ ಅನಾಥವಾಗುತ್ತದೆ.

ಆ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಕೇಳಿದವರು ಇಬ್ಬರೇ. ಕೆಲವು ವಾರಗಳ ನಂತರ ಊರಿನ ಆಶಾ ಕಾರ್ಯಕರ್ತೆಯೂ ಆರೋಗ್ಯ ಕೇಂದ್ರದ ಸಿಸ್ಟರೂ ಒಂದು ಉದ್ದದ ಫಾರಂ ಹಿಡಿದುಕೊಂಡು ಬಂದರು. ನೋವು ಯಾವಾಗ ಶುರುವಾಯಿತು, ಆಸ್ಪತ್ರೆಗೆ ಹೋಗುವುದೆಂದು ಯಾರು ತೀರ್ಮಾನಿಸಿದರು, ಯಾವ ವಾಹನ, ಎಷ್ಟು ಹೊತ್ತು, ಅಲ್ಲಿ ಯಾರು ನೋಡಿದರು? ಚಿಕ್ಕಮ್ಮ ಮೊದಲು ಸುಮ್ಮನಿದ್ದರು. 'ಎಷ್ಟು ಬಟ್ಟೆ ಒದ್ದೆಯಾಯಿತಮ್ಮಾ?' ಎಂದು ಸಿಸ್ಟರ್ ಕೇಳಿದಾಗ ತಟ್ಟನೆ 'ಏಳು' ಎಂದರು. ಮೊದಲನೆಯದನ್ನು ಎಷ್ಟು ಹೊತ್ತಿಗೆ ಬದಲಿಸಿದೆ, ಕೊನೆಯದು ಎಷ್ಟು ಹೊತ್ತಿಗೆ ಎಂಬುದನ್ನೂ ಹೇಳಿದರು. ಆ ರಾತ್ರಿಯ ಅತ್ಯಂತ ಮುಖ್ಯವಾದ ಅಂಕಿ ಒಬ್ಬ ತಾಯಿಯ ನೆನಪಿನಲ್ಲಿ ಕುಳಿತಿತ್ತು. ಬೇಕಾದ ಹೊತ್ತಿನಲ್ಲಿ ಅದನ್ನು ಯಾರೂ ಕೇಳಿರಲಿಲ್ಲ.

ಈ ವಿಚಾರಣೆಗೆ ಒಂದು ಕ್ರಮವಿದೆ ಎಂದು ನಮಗೆ ತಿಳಿದದ್ದು ಆಮೇಲೆ. ಗರ್ಭಿಣಿಯಾಗಿದ್ದಾಗ ಅಥವಾ ಹೆರಿಗೆಯಾಗಿ 42 ದಿನಗಳೊಳಗೆ, ಅದಕ್ಕೆ ಸಂಬಂಧಿಸಿದ ಕಾರಣದಿಂದ ಹೆಣ್ಣು ಸತ್ತರೆ ಅದು ತಾಯಿ ಮರಣ. 2010ರಲ್ಲಿ ಕೇಂದ್ರ ಸರಕಾರ ಇಂತಹ ಪ್ರತಿಯೊಂದು ಸಾವಿನ ಪರಿಶೀಲನೆಗೆ ಮಾರ್ಗಸೂಚಿ ಹೊರಡಿಸಿತು, 2017ರಲ್ಲಿ ಅದನ್ನು ಪರಿಷ್ಕರಿಸಿತು. ಆಸ್ಪತ್ರೆಯಲ್ಲಿ ಒಂದು ಪರಿಶೀಲನೆ, ಮನೆಯವರನ್ನು ಕೇಳಿ ಇನ್ನೊಂದು. ಆಮೇಲೆ ಜಿಲ್ಲಾ ಮಟ್ಟದ ಸಮಿತಿ, ಜಿಲ್ಲಾಧಿಕಾರಿಗಳ ಮುಂದೆ ಚರ್ಚೆ. ಮೃತಳ ಸಂಬಂಧಿಕರನ್ನು ಜಿಲ್ಲಾಧಿಕಾರಿಗಳ ಸಭೆಗೆ ಕರೆಯಬಹುದೆಂಬ ಮಾತೂ ಮಾರ್ಗಸೂಚಿಯಲ್ಲಿದೆ. ನಮ್ಮಲ್ಲಿ ಎಷ್ಟು ಜನರಿಗೆ ಇದು ಗೊತ್ತು?

ಪರಿಶೀಲಿಸುವವರು ಮೂರು ವಿಳಂಬಗಳನ್ನು ಹುಡುಕುತ್ತಾರೆ. ಆಸ್ಪತ್ರೆಗೆ ಹೋಗಬೇಕೆಂದು ಮನೆಯವರು ನಿರ್ಧರಿಸುವಲ್ಲಿ ಆದ ವಿಳಂಬ ಒಂದು. ತಲುಪುವಲ್ಲಿ ಆದದ್ದು ಎರಡನೆಯದು. ತಲುಪಿದ ಮೇಲೆ ಸರಿಯಾದ ಚಿಕಿತ್ಸೆ ಸಿಗುವಲ್ಲಿ ಆದದ್ದು ಮೂರನೆಯದು. ನಮ್ಮ ಅಜ್ಜಿಯರ ಕಾಲದಲ್ಲಿ ಮೊದಲ ಎರಡು ವಿಳಂಬಗಳೇ ಹೆಚ್ಚು ಕೊಲ್ಲುತ್ತಿದ್ದವು. ಹೆರಿಗೆಗಳೆಲ್ಲ ಆಸ್ಪತ್ರೆಗೆ ಬಂದ ಮೇಲೆ ಮೂರನೆಯದನ್ನು ಗಮನಿಸದೆ ಗತ್ಯಂತರವಿಲ್ಲ. ಕಟ್ಟಡ ಕಟ್ಟಿದರೆ, ಹಾಸಿಗೆ ಹೆಚ್ಚಿಸಿದರೆ ಸಾಲದು. ಒಳಗಿರುವವರ ಕೈಗೆ ಅಭ್ಯಾಸ ಬೇಕು, ಕಣ್ಣಿಗೆ ಅಳತೆ ಬೇಕು, ಪರಸ್ಪರ ಮಾತು ಬೇಕು.

ನಮ್ಮ ನೆರೆಯ ಕೇರಳವನ್ನು ನೋಡೋಣ. ಅಲ್ಲಿನ ಪ್ರಸೂತಿ ತಜ್ಞರ ಒಕ್ಕೂಟ 2004ರಲ್ಲಿ, ಸರಕಾರದ ಒಪ್ಪಿಗೆ ಪಡೆದು, ತಾಯಿ ಮರಣಗಳ ಗೋಪ್ಯ ಪರಿಶೀಲನೆ ಆರಂಭಿಸಿತು. ಇಂಗ್ಲೆಂಡಿನಲ್ಲಿ 1952ರಿಂದ ನಡೆದುಬಂದ ಪದ್ಧತಿಯೇ ಇದಕ್ಕೆ ಮಾದರಿ. ಸರಕಾರಿಯಾಗಲಿ ಖಾಸಗಿಯಾಗಲಿ, ಆಸ್ಪತ್ರೆಯಿಂದ ಬಂದ ಕಡತದಲ್ಲಿ ರೋಗಿಯ, ವೈದ್ಯರ, ಆಸ್ಪತ್ರೆಯ ಹೆಸರುಗಳನ್ನು ತೆಗೆದುಹಾಕುತ್ತಾರೆ. ಅನುಭವಿ ವೈದ್ಯರು ಅದನ್ನು ಓದಿ, ಎಲ್ಲಿ ತಪ್ಪಿತು, ಹೇಗೆ ಮಾಡಿದ್ದರೆ ಉಳಿಯುತ್ತಿದ್ದಳು ಎಂದು ಬರೆಯುತ್ತಾರೆ. ಯಾರಿಗೂ ಶಿಕ್ಷೆಯಿಲ್ಲ. ಪಾಠ ಮಾತ್ರ ಪುಸ್ತಕವಾಗಿ ಎಲ್ಲರ ಕೈ ಸೇರುತ್ತದೆ. ಹೆರಿಗೆಯ ನಂತರದ ರಕ್ತಸ್ರಾವವೇ ಮುಖ್ಯ ಶತ್ರು, ಅದರ ಹಿಂದೆ ರಕ್ತದೊತ್ತಡ ಎಂಬುದು ಹೀಗೆ ಸ್ಪಷ್ಟವಾಯಿತು. ಆಮೇಲೆ ಅವೆರಡನ್ನೇ ಗುರಿಯಾಗಿಟ್ಟು ವೈದ್ಯರಿಗೆ, ದಾದಿಯರಿಗೆ ತರಬೇತಿ ನಡೆಯಿತು, ಆಸ್ಪತ್ರೆಗಳಿಗೆ ಗುಣಮಟ್ಟದ ನಿಯಮಗಳು ರೂಪುಗೊಂಡವು.

2004-06ರಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ಕೇರಳದಲ್ಲಿ 95 ತಾಯಂದಿರು ಸಾಯುತ್ತಿದ್ದರು, ಕರ್ನಾಟಕದಲ್ಲಿ 213. 2018-20ರಲ್ಲಿ ಕೇರಳದ ಅಂಕಿ 19ಕ್ಕೆ ಇಳಿದಿತ್ತು, ನಮ್ಮದು 69ಕ್ಕೆ. ನಾವೂ ದೊಡ್ಡ ದಾರಿಯನ್ನೇ ನಡೆದಿದ್ದೇವೆ, ಅದನ್ನು ಕಡೆಗಣಿಸಬಾರದು. ಆದರೆ ಆ ವರ್ಷಗಳಲ್ಲಿ ತಮಿಳುನಾಡು 54, ಆಂಧ್ರ 45, ತೆಲಂಗಾಣ 43ರಲ್ಲಿದ್ದವು. ದಕ್ಷಿಣದ ಐದು ರಾಜ್ಯಗಳಲ್ಲಿ ಕೊನೆಯಲ್ಲಿದ್ದದ್ದು ನಾವೇ. ಕೇರಳದ ಸಾಧನೆಯೆಲ್ಲ ಒಂದು ಪರಿಶೀಲನೆಯಿಂದಲೇ ಆಯಿತೆಂದು ಹೇಳಲಾಗದು. ಹೆಣ್ಣುಮಕ್ಕಳ ಓದು, ಹತ್ತಿರದ ಆಸ್ಪತ್ರೆ, ಒಳ್ಳೆಯ ರಸ್ತೆ ಎಲ್ಲವೂ ಅದರಲ್ಲಿವೆ. ಆದರೂ ಸಾವಿನಿಂದ ಕಲಿಯುವ ಶಿಸ್ತನ್ನು ವೈದ್ಯರು ತಾವಾಗಿಯೇ ಹೆಗಲಿಗೇರಿಸಿಕೊಂಡರಲ್ಲ, ಅದು ಸಣ್ಣ ಮಾತಲ್ಲ.

ಕಲಿಯಲು ನಾವು ಗಡಿ ದಾಟಲೇಬೇಕೆಂದೂ ಇಲ್ಲ. ಜಗತ್ತಿಗೆ ಪಾಠವಾದ ಒಂದು ಕೆಲಸ ನಮ್ಮ ಬೆಳಗಾವಿಯ ಹಳ್ಳಿಗಳಲ್ಲೇ ನಡೆದಿದೆ. ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ತಂಪಿನಲ್ಲಿ ಇಡಬೇಕು, ಚುಚ್ಚಲು ಬಲ್ಲವರು ಬೇಕು. ಕರೆಂಟು ಕೈಕೊಡುವ ಹಳ್ಳಿಯಲ್ಲಿ ಏನು ಮಾಡುವುದು? ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಹೋದ್ಯೋಗಿಗಳ ಜೊತೆ ಸೇರಿ, 2002ರಿಂದ 2005ರವರೆಗೆ, ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಯನ್ನು ಪರೀಕ್ಷಿಸಿದರು. ಮಾತ್ರೆ ಕೊಟ್ಟವರು ದೊಡ್ಡ ಡಾಕ್ಟರುಗಳಲ್ಲ, ಹಳ್ಳಿಯಲ್ಲಿ ಹೆರಿಗೆ ಮಾಡಿಸುತ್ತಿದ್ದ ತರಬೇತಾದ ಆರೋಗ್ಯ ಸಹಾಯಕಿಯರು. ಹೋದ ರಕ್ತವನ್ನು ಕಣ್ಣಂದಾಜಿಗೆ ಬಿಡದೆ, ಗೆರೆ ಹಾಕಿದ ಚೀಲವಿರುವ ಒಂದು ಪ್ಲಾಸ್ಟಿಕ್ ಹಾಳೆಯನ್ನು ಬಾಣಂತಿಯ ಕೆಳಗೆ ಹರಡಿ ಅಳೆದರು. 1,620 ತಾಯಂದಿರಲ್ಲಿ ಮಾತ್ರೆ ಪಡೆಯದವರ ಪೈಕಿ ನೂರಕ್ಕೆ 12 ಮಂದಿಗೆ ಅತಿಯಾದ ರಕ್ತಸ್ರಾವವಾಯಿತು, ಪಡೆದವರಲ್ಲಿ 6.4 ಮಂದಿಗೆ. 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಇದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉಪಯೋಗಕ್ಕಾಗಿ ಮಾತ್ರೆಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಅಳೆಯುವ ಹಾಳೆಯ ಕತೆ ಅಲ್ಲಿಗೆ ಮುಗಿಯಲಿಲ್ಲ. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ಗಮನಿಸಿದ ಒಂದು ದೊಡ್ಡ ಪ್ರಯೋಗದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅಲ್ಲಿ ಹೊಸ ಯಂತ್ರವೇನೂ ಇರಲಿಲ್ಲ. ಇಂತಹದೇ ಗೆರೆ ಹಾಕಿದ ಹಾಳೆಯಿಂದ ರಕ್ತ ಅಳೆಯುವುದು, ಮಿತಿ ದಾಟಿದ ಕೂಡಲೇ ಗರ್ಭಕೋಶವನ್ನು ತಿಕ್ಕುವುದು, ಗೊತ್ತಿರುವ ಔಷಧಿಗಳನ್ನು ಒಂದರ ನಂತರ ಒಂದು ಕಾಯದೆ ಒಟ್ಟಿಗೇ ಕೊಡುವುದು, ಡ್ರಿಪ್ ಹಾಕುವುದು, ಪರೀಕ್ಷಿಸುವುದು, ಅಗತ್ಯ ಬಿದ್ದರೆ ಮೇಲಿನವರನ್ನು ಕರೆಯುವುದು. ಇದನ್ನು ದಾದಿ, ವೈದ್ಯರು ಒಟ್ಟಿಗೆ ಅಭ್ಯಾಸ ಮಾಡಿದ್ದರು. ಮಾಮೂಲು ಪದ್ಧತಿಯ ಆಸ್ಪತ್ರೆಗಳಲ್ಲಿ ಅತಿಯಾದ ರಕ್ತಸ್ರಾವವಾದ ತಾಯಂದಿರಲ್ಲಿ ಅರ್ಧದಷ್ಟು ಮಂದಿಯನ್ನು ಮಾತ್ರ ಗುರುತಿಸಲಾಗಿತ್ತು. ಅಳೆದು ನೋಡಿದಲ್ಲಿ ನೂರಕ್ಕೆ 93ರಷ್ಟು ಮಂದಿಯನ್ನು ಗುರುತಿಸಿದರು. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವುದು ಅಥವಾ ಸಾವು, ಇವೆಲ್ಲ ಸೇರಿ ನೂರಕ್ಕೆ 4.3 ಇದ್ದದ್ದು 1.6 ಆಯಿತು. ಚಿಕ್ಕಮ್ಮನ ಏಳು ಬಟ್ಟೆಗಳನ್ನು ನೆನೆಯುತ್ತಾ ಈ ಅಂಕಿಗಳನ್ನು ಓದುವಾಗ ನಮಗೆ ಎದೆ ಭಾರವಾಯಿತು.

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ನಾಡೆಲ್ಲ ಕಂಗಾಲಾಯಿತು. ಡ್ರಿಪ್‌ಗೆ ಬಳಸಿದ ದ್ರಾವಣದ ಮೇಲೆ ಸಂಶಯ ಬಂತು, ರಾಜಕೀಯವೂ ನಡೆಯಿತು. ಆದರೆ ಅದರ ಬೆನ್ನಿಗೆ ಸರಕಾರ ಆ ವರ್ಷ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ರಾಜ್ಯದಲ್ಲಾದ ತಾಯಿ ಮರಣಗಳನ್ನೆಲ್ಲ ಪರಿಶೀಲಿಸಿತು. ಅವುಗಳಲ್ಲಿ ಸುಮಾರು ನೂರಕ್ಕೆ ಎಪ್ಪತ್ತರಷ್ಟನ್ನು ತಡೆಯಬಹುದಿತ್ತು ಎಂಬುದು ಹೊರಬಂದ ಸಂಗತಿ. ಈ ಮಾತನ್ನು ಸರಕಾರವೇ ಜನರ ಮುಂದೆ ಇಟ್ಟಿತು ಎಂಬುದನ್ನು ನಾವು ಮೆಚ್ಚಬೇಕು. ಇಂತಹ ಮಾತು ಗಲಾಟೆಯಾದಾಗ ಮಾತ್ರವಲ್ಲದೆ ವರ್ಷವರ್ಷವೂ, ಜಿಲ್ಲೆ ಜಿಲ್ಲೆಯಿಂದಲೂ ಬರಬೇಕು.

ಇಲ್ಲಿ ಒಂದು ತೊಡಕಿದೆ. ಹೆಸರು ಹೊರಬೀಳುತ್ತದೆ, ಕೇಸು ಬೀಳುತ್ತದೆ ಎಂಬ ಹೆದರಿಕೆ ಇದ್ದರೆ ಯಾವ ವೈದ್ಯರೂ ದಾದಿಯೂ ನಿಜ ಬರೆಯಲಾರರು. 'ಹೃದಯ ಸ್ತಂಭನ' ಎಂದು ಬರೆದು ಪಾರಾಗುತ್ತಾರೆ. ಆದ್ದರಿಂದ ಗೋಪ್ಯತೆ ಬೇಕು. ಆದರೆ ಗೋಪ್ಯತೆಯ ಹೆಸರಿನಲ್ಲಿ ಮನೆಯವರನ್ನು ಕತ್ತಲಲ್ಲಿ ಇಡುವುದೂ ನ್ಯಾಯವಲ್ಲ. ಚಿಕ್ಕಮ್ಮ ಕೊಟ್ಟ ಉತ್ತರಗಳ ಹಾಳೆ ಎಲ್ಲಿಗೆ ಹೋಯಿತು, ಯಾರು ಓದಿದರು, ಅದರಿಂದ ಏನು ಬದಲಾಯಿತು ಎಂಬುದು ನಮ್ಮ ಮನೆಗೆ ತಿಳಿದುಬರಲಿಲ್ಲ. ಕಾಗದ ಮೇಲಕ್ಕೆ ಹೋಗುತ್ತದೆ, ಕೆಳಗೆ ಬರುವುದಿಲ್ಲ. 'ನಿಮ್ಮ ಮಗಳ ಸಾವಿನಿಂದ ಇಂತಹದ್ದು ಕಲಿತೆವು, ಇಂತಹದ್ದನ್ನು ಬದಲಿಸಿದೆವು' ಎಂದು ಒಬ್ಬ ಅಧಿಕಾರಿ ಬಂದು ಹೇಳಿದರೆ ಯಾರ ಕೆಲಸವೂ ಹೋಗುವುದಿಲ್ಲ. ಹೆತ್ತವಳ ಮನಸ್ಸಿಗೆ ಅದು ಎಷ್ಟೋ ದೊಡ್ಡದು.

ವೈದ್ಯರ ಸಂಘಗಳು, ದಾದಿಯರು, ಅರಿವಳಿಕೆ ತಜ್ಞರು, ರಕ್ತನಿಧಿಯವರು, ಆಂಬುಲೆನ್ಸ್ ಚಾಲಕರು ಒಂದೇ ಮೇಜಿನ ಸುತ್ತ ಕುಳಿತು ಮಾತನಾಡುವ ರೂಢಿ ಪ್ರತಿ ತಾಲೂಕಿನಲ್ಲೂ ಬರಬೇಕು. ಸರಕಾರಿ, ಖಾಸಗಿ ಎಂಬ ಗೋಡೆ ಅಲ್ಲಿ ಅಡ್ಡ ಬರಬಾರದು. ಸಣ್ಣ ಆಸ್ಪತ್ರೆಯಿಂದ ಹೊರಡುವ ಒಂದು ಫೋನು, ಬಾಣಂತಿ ತಲುಪುವ ಮೊದಲೇ ದೊಡ್ಡ ಆಸ್ಪತ್ರೆಯಲ್ಲಿ ರಕ್ತವನ್ನೂ ವೈದ್ಯರನ್ನೂ ಸಿದ್ಧಮಾಡಿಸಬಲ್ಲದು.

ನಮ್ಮ ಪಾಲಿನ ಕೆಲಸವೂ ಇದೆ. ಆಶಾ ಕಾರ್ಯಕರ್ತೆ ಸಾವಿನ ಮನೆಗೆ ಬಂದು ಪ್ರಶ್ನೆ ಕೇಳಿದರೆ ಅದನ್ನು ಅಧಿಕಪ್ರಸಂಗವೆಂದು ತಿಳಿಯದೆ, ಗಂಡಸರು ಅಡ್ಡ ಮಾತನಾಡದೆ, ಕಂಡ ಹೆಂಗಸರಿಗೆ ಕಂಡಂತೆ ಹೇಳಲು ಬಿಡಬೇಕು. ಜಿಲ್ಲಾಧಿಕಾರಿಗಳ ಸಭೆಗೆ ಕರೆ ಬಂದರೆ ಹೋಗಬೇಕು, ಬಾರದಿದ್ದರೆ ಯಾಕೆ ಬರಲಿಲ್ಲವೆಂದು ಕೇಳಬೇಕು. ಹೆರಿಗೆಗೆ ಆಸ್ಪತ್ರೆ ಆರಿಸುವಾಗ ಕೋಣೆಯ ಬಾಡಿಗೆ, ಎ.ಸಿ. ಇದೆಯೇ ಎಂಬುದರ ಜೊತೆಗೆ ಇನ್ನು ನಾಲ್ಕು ಪ್ರಶ್ನೆ ಕೇಳಬೇಕು: ರಾತ್ರಿ ವೈದ್ಯರು ಇಲ್ಲೇ ಇರುತ್ತಾರೆಯೇ, ರಕ್ತ ಬೇಕಾದರೆ ಎಲ್ಲಿಂದ ಎಷ್ಟು ಹೊತ್ತಿನಲ್ಲಿ ಬರುತ್ತದೆ, ಹೆತ್ತ ಮೇಲೆ ಹೋದ ರಕ್ತವನ್ನು ಅಳೆಯುತ್ತೀರಾ, ಬೇರೆಡೆಗೆ ಕಳಿಸಬೇಕಾದರೆ ಎಲ್ಲಿಗೆ? ಹತ್ತು ಮನೆಯವರು ಕೇಳಿದರೆ ಹನ್ನೊಂದನೆಯವರು ಬರುವಾಗ ಉತ್ತರ ಸಿದ್ಧವಿರುತ್ತದೆ.