ಬುತ್ತಿ ಕಟ್ಟುವ ವಿದ್ಯೆ

ನಮ್ಮ ಬೀದರ ಸೀಮೆಯಲ್ಲಿ ಅಡುಗೆ ಬಲ್ಲವರೆಲ್ಲ ಬುತ್ತಿ ಕಟ್ಟಬಲ್ಲರು ಎಂದೇನೂ ಇಲ್ಲ. ಒಲೆಯ ಮುಂದೆ ಕುಳಿತು ಬಿಸಿಬಿಸಿ ರೊಟ್ಟಿ ತಿನ್ನುವವನಿಗೆ ಯಾವ ರೊಟ್ಟಿಯಾದರೂ ನಡೆದೀತು. ಎರಡು ದಿನದ ಪಯಣಕ್ಕೆ ಹೊರಟವನಿಗೆ ಮಾತ್ರ ಕಟಕ ರೊಟ್ಟಿಯೇ ಬೇಕು. ಜೊತೆಗೆ ಕೆಡದ ಶೇಂಗಾ ಹಿಂಡಿ, ಸೋರದ ಡಬ್ಬಿ. ದಾರಿಯಲ್ಲಿ ನೀರು ಸಿಗದಿದ್ದರೆ ಏನು ಗತಿ ಎಂಬುದನ್ನೂ ಬುತ್ತಿ ಕಟ್ಟುವವಳೇ ಯೋಚಿಸಬೇಕು. ಕಂಪ್ಯೂಟರ್ ಪ್ರೋಗ್ರಾಂ ಬರೆಯುವುದಕ್ಕೂ ಅದನ್ನು ಬೇರೆಯವರ ಕಂಪ್ಯೂಟರಿಗೆ ತಲುಪಿಸುವುದಕ್ಕೂ ಇರುವ ವ್ಯತ್ಯಾಸ ಇಷ್ಟೇ. ಈ ಎರಡನೆಯ ಕೆಲಸಕ್ಕೆ ಬೇಕಾದ ಗಂಟನ್ನು ಸೆಟಪ್ ಅಥವಾ ಇನ್‌ಸ್ಟಾಲರ್ ಎನ್ನುತ್ತಾರೆ. ನಮ್ಮ ಪಠ್ಯಪುಸ್ತಕಗಳಲ್ಲಿ ಇದಕ್ಕೆ ಒಂದು ಪುಟವೂ ಸಿಗುವುದು ಕಷ್ಟ.

ನಾನು ಬಸವಕಲ್ಯಾಣದವನು. ಹುಮನಾಬಾದಿಗೆ ದಿನಾ ಬಸ್ಸಿನಲ್ಲಿ ಹೋಗಿಬಂದು ಬಹಳ ವರ್ಷ ಕಂಪ್ಯೂಟರ್ ಪಾಠ ಹೇಳಿದವನು. ಡಾಸ್ ಕಾಲದಲ್ಲಿ ಈ ತಾಪತ್ರಯ ಇರಲಿಲ್ಲ. ಫ್ಲಾಪಿಯಿಂದ ಫೈಲುಗಳನ್ನು ನಕಲು ಮಾಡಿದರೆ ಪ್ರೋಗ್ರಾಂ ಓಡುತ್ತಿತ್ತು, ಅಳಿಸಿದರೆ ಹೋಗುತ್ತಿತ್ತು. ವಿಂಡೋಸ್ 95 ಬಂದ ಮೇಲೆ ಸಂಸಾರ ಬೆಳೆಯಿತು. ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಡಿಎಲ್‌ಎಲ್ ಫೈಲುಗಳು, ರಿಜಿಸ್ಟ್ರಿ ಎಂಬ ದೊಡ್ಡ ದಫ್ತರ, ಫಾಂಟುಗಳು, ಸ್ಟಾರ್ಟ್ ಮೆನು ಎಲ್ಲವೂ ಸೇರಿಕೊಂಡವು. ಹೀಗಾಗಿ 1998ರಲ್ಲಿ 'ಬರಹ' ಹೊರಬಂದಾಗ ಕನ್ನಡಿಗರು ಅದರ ಅಕ್ಷರಗಳನ್ನು ಮೆಚ್ಚಿಕೊಂಡರೆ, ನನ್ನಂಥ ಮೇಷ್ಟರುಗಳಿಗೆ ಇನ್ನೂ ಒಂದು ಸಂತೋಷವಿತ್ತು. ಕಂಪ್ಯೂಟರಿನ ಗಂಧಗಾಳಿ ಇಲ್ಲದವರೂ ಅದನ್ನು ತಾವೇ ಹಾಕಿಕೊಂಡು ಕನ್ನಡದಲ್ಲಿ ಪತ್ರ ಬರೆಯತೊಡಗಿದ್ದರು. ತಂತ್ರಾಂಶ ಎಷ್ಟೇ ಒಳ್ಳೆಯದಿರಲಿ, ಹೊಸ್ತಿಲು ದಾಟದಿದ್ದರೆ ಅದು ಬರೆದವನ ಮನೆಯಲ್ಲೇ ಉಳಿಯುತ್ತದೆ.

ಕೆಲವು ವರ್ಷಗಳ ಹಿಂದಿನ ಮಾತು. ಬಿಸಿಎ ಕೊನೆಯ ವರ್ಷದ ಹುಡುಗಿಯೊಬ್ಬಳು ಹುಮನಾಬಾದಿನ ಒಂದು ಅಡತಿ ಅಂಗಡಿಗಾಗಿ ಪ್ರೋಗ್ರಾಂ ಬರೆದಿದ್ದಳು. ರೈತ ತಂದ ತೊಗರಿಯ ತೂಕ, ದರ, ಹಮಾಲಿ, ಮುಂಗಡ ಎಲ್ಲವನ್ನೂ ಕೂಡಿ ಕಳೆದು ಪಟ್ಟಿ ಮುದ್ರಿಸಿ ಕೊಡುವ ಲೆಕ್ಕ. ದೀಪಾವಳಿ ಪಾಡ್ಯದಿಂದ ಹೊಸ ವಹಿಯ ಬದಲು ಇದನ್ನೇ ನಡೆಸೋಣ ಎಂದು ಸಾವಕಾರರು ಒಪ್ಪಿದ್ದರು. ಆಕೆಯ ಲ್ಯಾಪ್‌ಟಾಪಿನಲ್ಲಿ ಪ್ರೋಗ್ರಾಂ ಚಿಗರೆಯಂತೆ ಓಡುತ್ತಿತ್ತು. ಅಂಗಡಿಯ ಹಳೆಯ ವಿಂಡೋಸ್ 7 ಯಂತ್ರಕ್ಕೆ ಫೋಲ್ಡರನ್ನು ನಕಲು ಮಾಡಿದರೆ ತೆರೆಯಲೇ ಇಲ್ಲ. ಪ್ರೋಗ್ರಾಂ ನಿಂತಿದ್ದ ಡಾಟ್‌ನೆಟ್ ಎಂಬ ಅಡಿಪಾಯದ ಹೊಸ ಆವೃತ್ತಿ ಆ ಯಂತ್ರದಲ್ಲಿ ಇರಲಿಲ್ಲ. ಅಂಗಡಿಯಲ್ಲಿ ಇಂಟರ್‌ನೆಟ್ಟೂ ಇರಲಿಲ್ಲ. ಹಬ್ಬಕ್ಕೆ ಒಂದು ತಿಂಗಳು ಉಳಿದಿತ್ತು.

ಆಕೆಯ ತಂದೆ ನನ್ನನ್ನು ಬಸ್ ಸ್ಟ್ಯಾಂಡಿನಲ್ಲಿ ಹಿಡಿದು ಕೇಳಿದರು: "ಸರ, ಪ್ರೋಗ್ರಾಂ ಬರ್ದು ಮುಗ್ಸೀನಿ ಅಂತಾಳ. ಮತ್ತ ಗಂಟ ಕಟ್ಲಿಕ್ಕಿ ಇಷ್ಟು ದಿನ ಯಾಕ ಬೇಕ್ರಿ?"

ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಹುಡುಕಲು ನಾನೂ ಆ ಹುಡುಗಿಯೂ ಕುಳಿತು, ಇರುವ ಸಾಧನಗಳನ್ನು ಒಂದೊಂದಾಗಿ ತೂಗಿ ನೋಡಿದೆವು. ದುಡ್ಡು ಕೊಟ್ಟು ಕೊಳ್ಳುವವುಗಳಲ್ಲಿ ಇನ್‌ಸ್ಟಾಲ್‌ಶೀಲ್ಡ್ ಹೆಸರುವಾಸಿ. ದೊಡ್ಡ ಕಂಪನಿಗಳಿಗೆ ಅದು ಸರಿ. ವಿದ್ಯಾರ್ಥಿಯ ಜೇಬಿಗೆ ಅಲ್ಲ. ಮೈಕ್ರೋಸಾಫ್ಟ್ ತನ್ನದೇ ವಿಂಡೋಸ್ ಇನ್‌ಸ್ಟಾಲರ್ ಪದ್ಧತಿಯನ್ನು 1999ರಲ್ಲಿ ಆಫೀಸ್ 2000ದ ಜೊತೆ ತಂದಿತು. ಅದಕ್ಕೆ ಬೇಕಾದ ಎಂಎಸ್‌ಐ ಫೈಲನ್ನು ಕಟ್ಟಿಕೊಡುವ ವಿಕ್ಸ್ ಎಂಬ ಸಾಧನ 2004ರಲ್ಲಿ ಮುಕ್ತ ತಂತ್ರಾಂಶವಾಗಿ ಹೊರಬಂತು. ಒಂದು ಕಚೇರಿಯ ನೂರಾರು ಯಂತ್ರಗಳಿಗೆ ಒಂದೇ ಕಡೆಯಿಂದ ಪ್ರೋಗ್ರಾಂ ಹಾಕಬೇಕಾದಾಗ ಈ ದಾರಿಗೆ ಸಾಟಿಯಿಲ್ಲ. ಆದರೆ ಇಬ್ಬರು ಕೂರುವ ಅಂಗಡಿಗೆ ಅಷ್ಟು ಎಕ್ಸ್‌ಎಂಎಲ್ ಕಲಿಯುವುದೆಂದರೆ ಹಿತ್ತಲ ಬಾವಿಗೆ ಹಡಗು ಕಟ್ಟಿದಂತೆ.

ಉಳಿದವು ಎರಡು. ಒಂದು ಎನ್‌ಎಸ್‌ಐಎಸ್. ಹಾಡು ಕೇಳಿಸುವ ವಿನ್‌ಆಂಪ್ ತಂತ್ರಾಂಶ ಮಾಡಿದ ನಲ್‌ಸಾಫ್ಟ್‌ನವರು ತಮ್ಮ ಕೆಲಸಕ್ಕೆಂದು ಹುಟ್ಟುಹಾಕಿದ್ದು. ತನ್ನ ಭಾರವೆಂದು ಅದು ಗಂಟಿಗೆ ಸೇರಿಸುವುದು ಕೆಲವೇ ಹತ್ತು ಕೆಬಿ ಮಾತ್ರ. ಇನ್ನೊಂದು ಇನೋ ಸೆಟಪ್. ಜೋರ್ಡನ್ ರಸೆಲ್ ಎಂಬವರು 1997ರಲ್ಲಿ ಆರಂಭಿಸಿದ್ದು, ಡೆಲ್ಫಿಯಲ್ಲಿ ಬರೆದದ್ದು. ಎರಡನ್ನೂ ಹಣ ಕೊಡದೆ ಕಲಿಯಬಹುದು. ಇನೋ ಸೆಟಪ್ಪನ್ನು ವ್ಯಾಪಾರಕ್ಕೆ ಬಳಸುವವರು ಲೈಸೆನ್ಸ್ ಕೊಳ್ಳಬೇಕೆಂದು ಅದರ ಕರ್ತೃಗಳು ಈಚೆಗೆ ಕೋರುತ್ತಿದ್ದಾರೆ. ಇಂದು ಆರಿಸಿಕೊಳ್ಳುವವರು ಷರತ್ತುಗಳನ್ನು ಓದಿಕೊಳ್ಳುವುದು ಒಳ್ಳೆಯದು.

ಈ ಎರಡರಲ್ಲಿ ಯಾವುದು? ನಾನು ಹುಡುಗಿಗೆ ಎರಡರ ಮಾದರಿ ಸ್ಕ್ರಿಪ್ಟುಗಳನ್ನೂ ಓದಲು ಕೊಟ್ಟು, ಮರುದಿನ ನೋಡದೆ ವಿವರಿಸಲು ಹೇಳಿದೆ. ಎನ್‌ಎಸ್‌ಐಎಸ್‌ನಲ್ಲಿ ಮಾಡಬೇಕಾದ ಪ್ರತಿಯೊಂದು ಹೆಜ್ಜೆಯನ್ನೂ ನಾವೇ ಆಜ್ಞೆಗಳಾಗಿ ಬರೆಯಬೇಕು. ಅಳಿಸುವಾಗ ಯಾವುದನ್ನು ತೆಗೆಯಬೇಕೆಂಬುದನ್ನೂ ನಾವೇ ಬರೆಯಬೇಕು. ಬೇಕಾದಂತೆ ಬಾಗಿಸಬಹುದು, ಆದರೆ ಹೊಣೆಯೆಲ್ಲ ನಮ್ಮದೇ. ಇನೋ ಸೆಟಪ್ಪಿನಲ್ಲಿ ಸೆಟಪ್, ಫೈಲ್ಸ್, ಐಕಾನ್ಸ್, ರನ್ ಎಂದು ಖಾನೆಗಳಿವೆ. ಯಾವ ಫೈಲು ಎಲ್ಲಿಗೆ ಹೋಗಬೇಕು ಎಂದು ಖಾನೆ ತುಂಬಿದರೆ ಸಾಕು. ತಾನು ಹಾಕಿದ್ದನ್ನೆಲ್ಲ ಅದು ಬರೆದಿಟ್ಟುಕೊಂಡು, ಅಳಿಸುವಾಗ ಅಷ್ಟನ್ನೇ ತೆಗೆಯುತ್ತದೆ. ಆಕೆ ಮರುದಿನ ತಡವರಿಸದೆ ವಿವರಿಸಿದ್ದು ಇದನ್ನು. ಅಲ್ಲಿಗೆ ಆಯ್ಕೆ ಮುಗಿಯಿತು. ಆರು ತಿಂಗಳ ಬಳಿಕ ತಾನೇ ತೆರೆದು ನೋಡಿದರೂ ಅರ್ಥವಾಗುವ ಸಾಧನವೇ ಸಣ್ಣ ಪ್ರೋಗ್ರಾಂ ಬರೆಯುವವರಿಗೆ ಸರಿಯಾದದ್ದು.

ಅಡಿಪಾಯದ ತೊಂದರೆ ಬೇಗ ಬಗೆಹರಿಯಿತು. ಡಾಟ್‌ನೆಟ್‌ನ ಇಂಟರ್‌ನೆಟ್ ಬೇಡದ ಪೂರ್ಣ ಪ್ರತಿಯನ್ನೇ ಗಂಟಿನೊಳಗೆ ಇಟ್ಟು, ಯಂತ್ರದಲ್ಲಿ ಅದು ಇಲ್ಲದಿದ್ದರೆ ಮಾತ್ರ ಹಾಕು ಎಂದು ಬರೆದೆವು. ಗಂಟು ನೂರು ಎಂಬಿ ದಾಟಿತು. ದಾಟಲಿ, ಪೆನ್‌ಡ್ರೈವ್ ಹೊರುವುದಕ್ಕೆ ಏನು ಕಷ್ಟ?

ನಿಜವಾದ ಪ್ರಶ್ನೆ ಬಂದದ್ದು ಸಾವಕಾರರಿಂದ. ಕಂಪ್ಯೂಟರಿನ ಮುಂದೆ ಕುಳಿತ ಹುಡುಗಿಯನ್ನು ಅವರು ಕೇಳಿದರು: "ತಂಗಿ, ನಾಳಿ ನಿನ್ನ ಪ್ರೋಗ್ರಾಂ ತೆಗದ್ರ ನನ್ನ ಲೆಕ್ಕಾ ಭೀ ಹೋಗ್ತದೇನು?"

ಇದಕ್ಕಿಂತ ದೊಡ್ಡ ಪರೀಕ್ಷೆಯನ್ನು ಯಾವ ವಿಶ್ವವಿದ್ಯಾಲಯವೂ ಒಡ್ಡಲಾರದು. ಆ ಲೆಕ್ಕದಲ್ಲಿ ಇದ್ದದ್ದು ಸಾವಕಾರರ ಲಾಭವಷ್ಟೇ ಅಲ್ಲ. ಸುತ್ತಲ ಹಳ್ಳಿಗಳ ರೈತರ ಒಂದು ವರ್ಷದ ದುಡಿಮೆ. ಆದರೆ ಹುಡುಗಿ ಇದನ್ನು ಮೊದಲೇ ಯೋಚಿಸಿದ್ದಳು. ಪ್ರೋಗ್ರಾಂ ಇರುವ ಜಾಗ ಬೇರೆ, ಲೆಕ್ಕದ ಫೈಲು ಇರುವ ಜಾಗ ಬೇರೆ. ವಿಸ್ಟಾ ಬಂದಂದಿನಿಂದ ಪ್ರೋಗ್ರಾಂ ಫೈಲ್ಸ್ ಫೋಲ್ಡರಿನಲ್ಲಿ ಸಾಮಾನ್ಯ ಬಳಕೆದಾರರು ಬರೆಯುವಂತಿಲ್ಲ. ಅಲ್ಲಿ ಲೆಕ್ಕ ಇಡುವುದು ಹೇಗೂ ತಪ್ಪು. ಆಕೆ ಸಾವಕಾರರೂ ಗುಮಾಸ್ತರೂ ಇಬ್ಬರೂ ಬರೆಯಬಲ್ಲ ಪ್ರತ್ಯೇಕ ಫೋಲ್ಡರು ಮಾಡಿಸಿ, ಲೆಕ್ಕದ ಫೈಲನ್ನು ಸೆಟಪ್ಪಿನೊಳಗೆ ಇಡದೆ, ಪ್ರೋಗ್ರಾಂ ಮೊದಲ ಸಲ ಓಡಿದಾಗ ತಾನೇ ಹುಟ್ಟಿಸಿಕೊಳ್ಳುವಂತೆ ಬರೆದಿದ್ದಳು. ಸೆಟಪ್ ತಾನು ಹಾಕದ್ದನ್ನು ತೆಗೆಯುವುದಿಲ್ಲ; ಹೊಸ ಆವೃತ್ತಿ ಬಂದಾಗ ಅದರ ಮೇಲೆ ಬೇರೇನನ್ನೂ ಬರೆಯುವುದಿಲ್ಲ.

"ಇಲ್ರಿ ಕಾಕಾ, ಲೆಕ್ಕಾ ಬ್ಯಾರೆ ಕಡಿ ಇಟ್ಟೀನಿ. ತೋರಸ್ತೀನಿ ನೋಡ್ರಿ" ಎಂದವಳು ಸುಳ್ಳು ಲೆಕ್ಕ ನಾಲ್ಕು ಸಾಲು ಬರೆದು, ಪ್ರೋಗ್ರಾಂ ತೆಗೆದು, ಮತ್ತೆ ಹಾಕಿ, ಅದೇ ನಾಲ್ಕು ಸಾಲು ತೆರೆದು ತೋರಿಸಿದಳು. ಸಾವಕಾರರು ತಾವೇ ಇನ್ನೊಮ್ಮೆ ಮಾಡಿ ನೋಡಿದರು. ಸೆಟಪ್ ನಡೆಯುವಾಗ ಕರೆಂಟು ಹೋದರೆ ಏನಾಗುತ್ತದೆ ಎಂದು ನೋಡಲು ಬೇರೆ ಏರ್ಪಾಡು ಬೇಕಾಗಲಿಲ್ಲ. ನಮ್ಮೂರ ಕರೆಂಟೇ ಆ ಉಪಕಾರ ಮಾಡಿತು. ಮತ್ತೊಮ್ಮೆ ಓಡಿಸಿದಾಗ ಎಲ್ಲ ನೆಟ್ಟಗಾಯಿತು.

ಪರದೆಯ ಮೇಲಿನ ಮಾತುಗಳು ಇಂಗ್ಲಿಷಿನಲ್ಲಿದ್ದವು. ಇನೋ ಸೆಟಪ್ಪಿನಲ್ಲಿ ಅವೆಲ್ಲ ಒಂದು ಸಾದಾ ಪಠ್ಯ ಫೈಲಿನಲ್ಲಿ ಇರುತ್ತವೆ. 2019ರ ಆರನೆಯ ಆವೃತ್ತಿಯಿಂದ ಅದು ಪೂರ್ತಿ ಯುನಿಕೋಡ್ ಆಗಿರುವುದರಿಂದ ಕನ್ನಡ ಬರೆಯಲು ಅಡ್ಡಿಯಿಲ್ಲ. 'ನೆಕ್ಸ್ಟ್' ಎಂಬಲ್ಲಿ 'ಮುಂದೆ', 'ಫಿನಿಶ್' ಎಂಬಲ್ಲಿ 'ಮುಗಿಯಿತು' ಎಂದು ಎರಡು ಸಂಜೆಗಳಲ್ಲಿ ಮುಖ್ಯವಾದ ಸಾಲುಗಳನ್ನೆಲ್ಲ ಆಕೆ ಬರೆದು ಮುಗಿಸಿದಳು. ಗುಮಾಸ್ತರು ಓದಿ, "ಇದು ನಮ್ಮ ಭಾಷೆ ಮಾತಾಡ್ತದ" ಎಂದು ನಕ್ಕರು.

ಒಂದು ಅಡಚಣೆ ಮಾತ್ರ ಉಳಿಯಿತು. ಪರಿಚಯವಿಲ್ಲದವರ ಸೆಟಪ್ಪನ್ನು ಹೊಸ ವಿಂಡೋಸ್‌ಗಳು ನೀಲಿ ಪರದೆ ತೋರಿಸಿ ತಡೆಯುತ್ತವೆ. ಅದನ್ನು ದಾಟಲು ಡಿಜಿಟಲ್ ಸಹಿ ಬೇಕು. ಅದಕ್ಕೆ ವರ್ಷವರ್ಷವೂ ಹಣ ತೆರಬೇಕು. 2023ರ ಜೂನ್‌ನಿಂದ ಸಹಿಯ ಕೀಲಿಯನ್ನು ಪ್ರತ್ಯೇಕ ಸುರಕ್ಷಿತ ಸಾಧನದಲ್ಲೇ ಇಡಬೇಕೆಂಬ ನಿಯಮವೂ ಬಂದಿದೆ. ವಿದ್ಯಾರ್ಥಿಗೆ ಇದು ಭಾರ. ಹಾಗೆಂದು 'ಎಚ್ಚರಿಕೆ ಬಂದರೆ ಒತ್ತಿ ಮುಂದೆ ಹೋಗಿ' ಎಂದು ಜನರಿಗೆ ಕಲಿಸುವುದು ಅಪಾಯ. ಬೇರೆ ಅಂಗಡಿಯವರು ಕೇಳಿದಾಗ ಆಕೆ ಪೆನ್‌ಡ್ರೈವ್ ಹಿಡಿದು ತಾನೇ ಹೋಗಿ ಹಾಕಿಕೊಟ್ಟಳು.

ಪಾಲಕರಲ್ಲಿ ನನ್ನದೊಂದು ಬಿನ್ನಹ. ಮಗ ಅಥವಾ ಮಗಳು ಪ್ರೋಗ್ರಾಂ ಬರೆದೆ ಎಂದರೆ, ಎಷ್ಟು ಸಂಬಳ ಬರುತ್ತದೆ ಎಂದು ಕೇಳುವ ಮೊದಲು ಮೂರು ಪ್ರಶ್ನೆ ಕೇಳಿ. ಬೇರೆಯವರ ಕಂಪ್ಯೂಟರಿನಲ್ಲಿ ಓಡುತ್ತದೆಯೇ? ತೆಗೆದರೆ ಅವರ ಲೆಕ್ಕ ಉಳಿಯುತ್ತದೆಯೇ? ನೀನಿಲ್ಲದಾಗ ಇನ್ನೊಬ್ಬರು ಇದನ್ನು ತಿದ್ದಬಲ್ಲರೇ? ಕಂಪ್ಯೂಟರ್ ಬಾರದವರೂ ಕೇಳಬಹುದಾದ ಪ್ರಶ್ನೆಗಳಿವು. ಮಕ್ಕಳು ಉತ್ತರ ಹುಡುಕಲು ಒಂದು ತಿಂಗಳು ಬೇಕೆಂದರೆ ಧಾರಾಳವಾಗಿ ಕೊಡಿ.

ಆ ವರ್ಷ ಪಾಡ್ಯದಂದು ಅಂಗಡಿಯಲ್ಲಿ ಕಂಪ್ಯೂಟರಿಗೂ ಕುಂಕುಮ ಬಿತ್ತು. ಪಕ್ಕದಲ್ಲಿ ಸಾವಕಾರರು ಕೆಂಪು ಬಟ್ಟೆಯ ಹೊಸ ವಹಿಯನ್ನೂ ಇಟ್ಟಿದ್ದರು. ಒಂದು ವರ್ಷ ಎರಡರಲ್ಲೂ ಬರೆದು ತಾಳೆ ನೋಡೋಣ ಎಂದರು. ಹುಡುಗಿ ಬೇಡವೆನ್ನಲಿಲ್ಲ, ತಾನೇ ಆ ಮಾತು ಹೇಳಬೇಕೆಂದಿದ್ದೆ ಎಂದಳು.