ಗೂಬೆಯ ಅರೆಗಣ್ಣು

ಸ್ಪರ್ಧೆಗಳಲ್ಲಿ ಬಹುಮಾನ ಪಡೆದ, ಕ್ಯಾಲೆಂಡರ್ ಏರಿದ ಕೊಂಬಿನ ಗೂಬೆಯ ಚಿತ್ರಗಳನ್ನು ಒಮ್ಮೆ ಸಾಲಾಗಿ ನೋಡಿ. ಕಿತ್ತಳೆ ಬಣ್ಣದ ಎರಡು ದೊಡ್ಡ ಕಣ್ಣು ಅಗಲಕ್ಕೆ ತೆರೆದಿರುತ್ತವೆ, ತಲೆಯ ಮೇಲಿನ ಗರಿಕೊಂಬು ನೆಟ್ಟಗೆ ನಿಂತಿರುತ್ತವೆ, ಹಿಂದೆ ಹಾಡಹಗಲಿನ ನೀಲಿ ಆಕಾಶ. ನೋಡಿದವರು ಎಂಥ ಗತ್ತು ಎಂದು ಮೆಚ್ಚುತ್ತಾರೆ. ಹಂಪಿ, ಕಮಲಾಪುರದ ಗುಡ್ಡಗಳಲ್ಲಿ ಎಷ್ಟೋ ಚಳಿಗಾಲ ಈ ಹಕ್ಕಿಗಾಗಿ ಅಲೆದ ಮೇಲೆ ನನಗೆ ಆ ಚಿತ್ರಗಳಲ್ಲಿ ಗತ್ತು ಕಾಣುವುದಿಲ್ಲ, ಗಾಬರಿ ಕಾಣುತ್ತದೆ. ಹಗಲಲ್ಲಿ ನೆಮ್ಮದಿಯಿಂದ ಕೂತ ಕೊಂಬಿನ ಗೂಬೆ ಕಣ್ಣನ್ನು ಅಷ್ಟು ಅಗಲ ಮಾಡುವುದು ಅಪರೂಪ. ಮಾಡಿದೆಯೆಂದರೆ, ಸಾಮಾನ್ಯವಾಗಿ ಯಾರೋ ತೀರಾ ಹತ್ತಿರ ಹೋಗಿದ್ದಾರೆ.

ನಮ್ಮ ಕಡೆಯ ಚಳಿಗಾಲ ಮಲೆನಾಡಿನವರ ಲೆಕ್ಕಕ್ಕೆ ಚಳಿಗಾಲವೇ ಅಲ್ಲ. ಆದರೆ ಉಳಿದ ತಿಂಗಳುಗಳಲ್ಲಿ ಹೊಸಪೇಟೆಯ ಬಿಸಿಲು ತಿಂದವರಿಗೆ ಡಿಸೆಂಬರ್ ಮತ್ತು ಜನವರಿ ಎಂದರೆ ಏನೆಂದು ಗೊತ್ತು. ಮಳೆಗಾಲದ ಹುಲ್ಲು ಒಣಗಿ ಹಳದಿಯಾಗಿರುತ್ತದೆ, ಗಾಳಿ ತಿಳಿಯಾಗಿರುತ್ತದೆ, ಕಾಯ್ದ ಬಂಡೆಯಿಂದ ಏಳುವ ಝಳ ಇರುವುದಿಲ್ಲ. ಬೇಸಿಗೆಯಲ್ಲಿ ಆ ಝಳಕ್ಕೇ ಚಿತ್ರ ಕಲಕಿಹೋಗುತ್ತದೆ, ಎಷ್ಟು ದುಬಾರಿ ಲೆನ್ಸ್ ಇದ್ದರೂ ಪ್ರಯೋಜನವಿಲ್ಲ. ದೂರದಿಂದ ಬರುವ ಛಾಯಾಗ್ರಾಹಕರು ದರೋಜಿಯ ಕರಡಿಗಾಗಿ, ಹಳದಿ ಕೊರಳಿನ ಪಿಕಳಾರಕ್ಕಾಗಿ ಬರುತ್ತಾರೆ. 1994ರಲ್ಲಿ ಕರಡಿಧಾಮವಾದ ದರೋಜಿಯ ಸುತ್ತಲಿನ ಗುಡ್ಡಗಳು ಗೂಬೆಗೂ ಧಾಮವೇ ಎಂಬುದು ಅವರಲ್ಲಿ ಎಷ್ಟೋ ಮಂದಿಗೆ ಹೊಳೆಯುವುದೇ ಇಲ್ಲ.

ಕೊಂಬಿನ ಗೂಬೆ ಬಂಡೆಯ ಹಕ್ಕಿ. ಇಲ್ಲಿನ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಮಳೆ ಬಿಸಿಲಿಗೆ ಸಿಪ್ಪೆ ಸುಲಿದು ಗುಂಡಾದ ಕಲ್ಲು ಒಂದರ ಮೇಲೊಂದು ಕೂತು, ನಡುವೆ ನೂರಾರು ಸಂದುಗೊಂದು ಬಿಟ್ಟಿವೆ. ಅಂಥ ಒಂದು ಸಂದಿನ ಬಾಯಲ್ಲಿ, ಮುಂಜಾನೆಯ ಬಿಸಿಲು ಬೀಳುವ ಚಾಚುಗಲ್ಲಿನ ಮೇಲೆ ಅದು ಕೂರುತ್ತದೆ. ಬೆನ್ನಿನ ಕಂದು, ಕಪ್ಪು, ಹಳದಿ ಗೀರುಗಳು ಕಲ್ಲಿನ ಮೇಲಿನ ಹಾವಸೆಯ ಕಲೆಗಳಲ್ಲಿ ಬೆರೆತುಹೋಗುತ್ತವೆ. ಎದುರಿಗಿದ್ದರೂ ಕಾಣುವುದಿಲ್ಲ. ಮೊದಲು ಕಾಣುವುದು ಬಂಡೆಯ ಮೇಲೆ ಇಳಿದ ಸುಣ್ಣದಂಥ ಬಿಳಿ ಹಿಕ್ಕೆ. ಅದರ ಬುಡದಲ್ಲಿ ಹುಡುಕಿದರೆ ಹೆಬ್ಬೆರಳು ಗಾತ್ರದ ಬೂದುಬಣ್ಣದ ಉಂಡೆಗಳು ಸಿಗುತ್ತವೆ. ಜೀರ್ಣವಾಗದ ಕೂದಲು, ಎಲುಬುಗಳನ್ನು ಗೂಬೆ ಬಾಯಿಂದಲೇ ಕಾರುವ ಉಂಡೆಗಳಿವು. ಒಂದನ್ನು ಬಿಡಿಸಿ ನೋಡಿದ್ದೇನೆ: ಇಲಿಯ ಬುರುಡೆ ಪೂರ್ತಿಯಾಗಿತ್ತು, ಕಿತ್ತಳೆ ಬಣ್ಣದ ಬಾಚಿಹಲ್ಲು ದವಡೆಯಲ್ಲಿ ಹಾಗೇ ಇದ್ದವು.

ಒಮ್ಮೆ ಹಕ್ಕಿ ಕಂಡಿತೆಂದರೆ ನಾನು ಅಲ್ಲಿಂದ ಮುಂದೆ ಹೋಗುವುದಿಲ್ಲ. ಟ್ರೈಪಾಡ್ ಊರಿ ಕೂರುವುದು, ಅಷ್ಟೇ. ಹಗಲೆಲ್ಲ ಅದರ ರೆಪ್ಪೆಗಳ ನಡುವೆ ಒಂದು ಗೀರಿನಷ್ಟು ಕಿತ್ತಳೆ ಮಾತ್ರ ಕಾಣುತ್ತದೆ. ಗೂಬೆಯ ಕಣ್ಣುಗುಡ್ಡೆ ತಲೆಬುರುಡೆಯಲ್ಲಿ ಬಿಗಿದು ಕೂತಿದೆ, ನಮ್ಮಂತೆ ಆಚೀಚೆ ಹೊರಳದು. ಅದಕ್ಕೇ ಕುತ್ತಿಗೆಯಲ್ಲಿ ನಮಗೆ 7 ಎಲುಬಿದ್ದರೆ ಅದಕ್ಕೆ 14, ತಲೆಯನ್ನು 270 ಡಿಗ್ರಿ ತಿರುಗಿಸಬಲ್ಲದು. ಅದು ತಲೆ ನಮ್ಮತ್ತ ತಿರುಗಿಸಿ, ಕೊಂಬು ಎತ್ತಿ, ರೆಪ್ಪೆ ಪೂರ್ತಿ ತೆರೆದರೆ ನಾವು ಹಿಂದೆ ಸರಿಯಬೇಕಾದ ಹೊತ್ತು. ದುಃಖದ ಸಂಗತಿಯೆಂದರೆ ಬಹಳಷ್ಟು ಮಂದಿ ಗುಂಡಿ ಒತ್ತುವುದು ಆ ಹೊತ್ತಿನಲ್ಲೇ. ಕಣ್ಣು ತೆರೆಯಲೆಂದು ಚಪ್ಪಾಳೆ ತಟ್ಟಿದವರನ್ನು, ಕಲ್ಲು ಎಸೆದವರನ್ನು ನೋಡಿದ್ದೇನೆ. ಅವರೊಡನೆ ಜಗಳವಾಡಿಯೂ ಇದ್ದೇನೆ.

ತನ್ನಷ್ಟಕ್ಕೆ ಬಿಟ್ಟರೆ ಅದು ಕಣ್ಣು ತೆರೆಯುವುದೇ ಇಲ್ಲವೆಂದಲ್ಲ. ಡಿಸೆಂಬರಿನಲ್ಲಿ ಆರು ಗಂಟೆಗೆಲ್ಲ ಹೊತ್ತು ಮುಳುಗುತ್ತದೆ. ಆಮೇಲಿನ ಇಪ್ಪತ್ತು ನಿಮಿಷವೇ ಗೂಬೆಯ ಬೆಳಗು. ಮೊದಲು ಒಂದು ರೆಕ್ಕೆಯನ್ನೂ ಅದೇ ಬದಿಯ ಕಾಲನ್ನೂ ಜೊತೆಗೆ ಚಾಚಿ ಮೈ ಮುರಿಯುತ್ತದೆ, ಆಮೇಲೆ ಮೈಗರಿಯೆಲ್ಲ ಉಬ್ಬಿಸಿ ಒದರುತ್ತದೆ, ಕಾಲುಗುರಿನಿಂದ ಮುಖ ಕೆರೆದುಕೊಳ್ಳುತ್ತದೆ. ಕಣ್ಣು ಆಗ ತೆರೆಯುತ್ತದೆ, ಅವಸರವಿಲ್ಲದೆ. ಮತ್ತೆ ಗಂಟಲಿನ ಬಿಳಿ ಗರಿ ಉಬ್ಬಿಸಿ ಕೂಗುತ್ತದೆ. ಎದುರು ಗುಡ್ಡದಿಂದ ಜೋಡಿ ಉತ್ತರ ಕೊಡುತ್ತದೆ. ಚಳಿಗಾಲ ಅವುಗಳ ಸಂಸಾರದ ಕಾಲವಾದ್ದರಿಂದ ಈ ಕೂಗು ಇಷ್ಟು ಧಾರಾಳವಾಗಿ ಬೇರೆ ತಿಂಗಳಲ್ಲಿ ಕೇಳಿಸದು. ನಾನು ಮೆಚ್ಚುವ ಚಿತ್ರಗಳು ಆ ಇಪ್ಪತ್ತು ನಿಮಿಷದಲ್ಲಿ ಸಿಕ್ಕವು. ಬಳಿಕ ಗುಡ್ಡ ಇಳಿದುಬಿಡಬೇಕು. ಕರಡಿ, ಚಿರತೆಗಳ ಊರಿದು.

ಸಂಡೂರಿನ ಎಂ.ವೈ. ಘೋರ್ಪಡೆಯವರ ನೆನಪು ಇಂಥ ಸಂಜೆಗಳಲ್ಲಿ ಬರುತ್ತದೆ. ರಾಜ್ಯ ಅವರನ್ನು ದೇವರಾಜ ಅರಸರ ಸಂಪುಟದ ಹಣಕಾಸು ಸಚಿವರೆಂದು ನೆನೆಯುತ್ತದೆ. ನಮಗೆ ಅವರು ಕಾಡಿನ ಛಾಯಾಗ್ರಾಹಕರು. 1983ರಲ್ಲಿ ಬಂದ ಅವರ ‘ಸನ್‌ಲೈಟ್ ಅಂಡ್ ಶ್ಯಾಡೋಸ್’ ಪುಸ್ತಕದ ಹೆಸರಿನಲ್ಲೇ ಬಿಸಿಲೂ ನೆರಳೂ ಇವೆ. ಆ ಕಾಲದ ಫಿಲ್ಮಿಗೆ ಮುಸ್ಸಂಜೆಯ ಬೆಳಕು ಸಾಲುತ್ತಿರಲಿಲ್ಲ. ಇರುಳ ಹಕ್ಕಿ ಬೇಕೆಂದರೆ ಫ್ಲ್ಯಾಶ್ ಬಿಟ್ಟರೆ ದಾರಿ ಕಡಿಮೆ. ಇಂದಿನ ಕ್ಯಾಮೆರಾ 6400 ಐಎಸ್ಒ ಇಟ್ಟರೂ ಗರಿ ಗರಿ ಎಣಿಸುವಂಥ ಚಿತ್ರ ಕೊಡುತ್ತದೆ, ಶಟರ್ ಸದ್ದೂ ಇಲ್ಲ. ಹೀಗಿದ್ದೂ ಟಾರ್ಚು ಹಿಡಿದು ಗೂಬೆಯ ಮುಖಕ್ಕೆ ಬಿಡುವುದಕ್ಕೆ ನನಗೆ ಯಾವ ಸಮರ್ಥನೆಯೂ ಕಾಣದು. ಕತ್ತಲೆಗೆ ಹೊಂದಿದ ಕಣ್ಣಿಗೆ ಏಕಾಏಕಿ ಬೆಳಕು ಬಡಿದರೆ ಮತ್ತೆ ಹೊಂದಿಕೊಳ್ಳಲು ಹೊತ್ತು ಬೇಕು. ಬೇಟೆಯ ಹೊತ್ತಿನಲ್ಲಿ ಹಕ್ಕಿಯನ್ನು ಕುರುಡು ಮಾಡಿ ಚಿತ್ರ ತೆಗೆದಂತಾಯಿತು.

ಹಂಪಿಯ ಮಂಟಪಗಳಲ್ಲಿ ಬೇರೆ ಗೂಬೆ ಇದೆ: ಅಂಗೈಗಿಂತ ಸ್ವಲ್ಪ ದೊಡ್ಡದಾದ ಹಾಲಕ್ಕಿ. ಬುಡಬುಡಿಕೆಯವರು ನಸುಕಿನಲ್ಲಿ ಮನೆಮುಂದೆ ಬಂದು ಶಕುನ ಹೇಳುವುದು ಇದರ ನುಡಿ ಕೇಳಿಯೇ. ಇಟ್ಟಿಗೆ ಗಾರೆಯ ಗೋಪುರದ ಬಿರುಕು, ಹಳೆಯ ಹುಣಸೆಮರದ ಪೊಟರೆ, ಅದಕ್ಕೆ ಎರಡೂ ಒಂದೇ. ಗೂಬೆ ಹೊಕ್ಕ ಮನೆ ಹಾಳಾಗುತ್ತದೆ ಎನ್ನುತ್ತಾರೆ. ಹಾಳಾದ ಗೋಡೆಯಲ್ಲಿ ಬಿರುಕು ಬಿಟ್ಟಿದ್ದಕ್ಕೇ ಗೂಬೆ ಹೊಕ್ಕಿತು ಎಂಬುದನ್ನು ಹಂಪಿಗಿಂತ ಚೆನ್ನಾಗಿ ತೋರಿಸುವ ಜಾಗ ಇನ್ನೊಂದಿಲ್ಲ. 1565ರಲ್ಲಿ ಊರು ಹಾಳಾಗಿದ್ದು ಯಾವ ಗೂಬೆಯಿಂದಲೂ ಅಲ್ಲ.

ಈ ಮೂಢನಂಬಿಕೆ ನಿರುಪದ್ರವಿಯಲ್ಲ. ದೇಶದಲ್ಲಿ ನಡೆಯುವ ಗೂಬೆಯ ಕಳ್ಳವ್ಯಾಪಾರದ ಬಗ್ಗೆ ಟ್ರಾಫಿಕ್ ಇಂಡಿಯಾ ಸಂಸ್ಥೆ 2010ರಲ್ಲಿ ವರದಿ ತಂದಿತು. ಮಾಟಮಂತ್ರಕ್ಕೆ, ದೀಪಾವಳಿಯ ಹೊತ್ತಿನ ಬಲಿಗೆ ಹಕ್ಕಿಗಳು ಮಾರಾಟವಾಗುವ ಬಗೆ ಅದರಲ್ಲಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇವನ್ನು ಹಿಡಿಯುವುದೂ ಮಾರುವುದೂ ಅಪರಾಧ. ಕೊಳ್ಳುವ ಮಾಂತ್ರಿಕನಿಗೆ ಬೇಕಾದದ್ದು ದೊಡ್ಡ ಗೂಬೆ, ಕೊಂಬಿರುವ ಗೂಬೆ. ಹಿಡಿಯುವವನಿಗೆ ಬೇಕಾದದ್ದು ಜಾಗದ ಗುರುತು. ಆ ಗುರುತನ್ನು ಚಿತ್ರದ ಜೊತೆ ಊರಿಗೆಲ್ಲ ಹಂಚುವವರು ನಮ್ಮಂಥವರೇ.

ಪುಣೆ ಬಳಿಯ ಪಿಂಗೋರಿ ಎಂಬ ಹಳ್ಳಿಯಲ್ಲಿ ಇಳಾ ಫೌಂಡೇಶನ್ 2018ರಲ್ಲಿ ಗೂಬೆ ಹಬ್ಬ ಶುರು ಮಾಡಿತು. ಮಕ್ಕಳು ಗೂಬೆಯ ಚಿತ್ರ ಬರೆಯುತ್ತಾರೆ, ಹಾಡು ಕಟ್ಟುತ್ತಾರೆ. ನಮ್ಮಲ್ಲೂ ಅಂಥದ್ದು ಆಗಬೇಕು, ಕಂಪ್ಲಿಯಲ್ಲಿ ಆದರೆ ಇನ್ನೂ ಸರಿ. ವಿಜಯನಗರದ ಕಾಲದಿಂದ ಕಾಲುವೆ ನೀರು ಉಂಡ ಬಯಲದು. ಭತ್ತ ಕೊಯ್ದ ಮೇಲೆ ಬದುಗಳಲ್ಲಿ ಇಲಿಬಿಲವೇ ಬಿಲ. ಕಣಜಗೂಬೆ ಅಲ್ಲಿ ಹಾರುವುದನ್ನು ನೋಡಬೇಕು: ಗರಿಯಂಚಿನ ನವಿರಾದ ಕುಚ್ಚು ಗಾಳಿಯ ಸದ್ದನ್ನೇ ನುಂಗುತ್ತದೆ, ತಲೆಯ ಮೇಲಿಂದ ಹಾದುಹೋದರೂ ಕೇಳಿಸದು. ಒಂದು ಕಿವಿ ಮೇಲೆ, ಒಂದು ಕೆಳಗೆ ಇರುವುದರಿಂದ ಪೂರ್ತಿ ಕತ್ತಲಲ್ಲೂ ಇಲಿಯ ಸರಪರ ಎಲ್ಲಿಂದ ಬಂತೆಂದು ಅದಕ್ಕೆ ನಿಖರವಾಗಿ ತಿಳಿಯುತ್ತದೆ. ಗದ್ದೆಯಲ್ಲಿ ಗೂಬೆ ಕೂರಲೆಂದು ಅಡ್ಡಕೋಲು ಕಟ್ಟಿದ ಗೂಟ ನೆಟ್ಟಿದ್ದ ರೈತರೊಬ್ಬರು ಹೇಳಿದರು: “ಇದು ಕುಂತ ಹೊಲ್ದಾಗ ಇಲಿ ಕಾಟ ಕಡಿಮಿ ಸರ. ಆದ್ರ ಮನಿ ಮ್ಯಾಲ ಕುಂದ್ರಬಾರ್ದು ನೋಡ್ರಿ.” ಹೊಲದ ಅನುಭವ ಮನೆಯ ಮಾಳಿಗೆ ಏರಲು ಇನ್ನೊಂದು ತಲೆಮಾರು ಬೇಕಾದೀತು. ಗೂಟ ನೆಟ್ಟದ್ದೇ ನನಗೆ ದೊಡ್ಡ ಸಂತೋಷ.

ಈ ಚಳಿಗಾಲ ಗೂಬೆಗಾಗಿ ನಮ್ಮ ಕಡೆ ಬರುವವರಲ್ಲಿ ಕೆಲವು ಮಾತು ಬೇಡಿಕೊಳ್ಳುತ್ತೇನೆ. ಕೊಂಬಿನ ಗೂಬೆ ಗೂಡು ಕಟ್ಟುವುದಿಲ್ಲ, ಬಂಡೆಯ ಚಾಚಿನಲ್ಲಿ, ಬರೀ ನೆಲದ ಮೇಲೆ ಮೊಟ್ಟೆ ಇಡುತ್ತದೆ. ತಾಯಿ ಎದ್ದುಹೋದರೆ ಮೊಟ್ಟೆ ಬಿಸಿಲಿಗೂ ಕಾಗೆಗೂ ಈಡಾಗುತ್ತದೆ. ಆದ್ದರಿಂದ ನವೆಂಬರಿನಿಂದ ಏಪ್ರಿಲ್‌ವರೆಗೆ ಅದು ಕೂತ ಬಂಡೆಯನ್ನು ಹತ್ತಬೇಡಿ. ಮೊಬೈಲಿನಲ್ಲಿ ಅದರ ಕೂಗು ನುಡಿಸಿ ಕರೆಯಬೇಡಿ. ಟಾರ್ಚು ನಿಮ್ಮ ಕಾಲುದಾರಿಗೆ ಮಾತ್ರ ಇರಲಿ. ಚಿತ್ರ ಹಂಚಿಕೊಳ್ಳಿ, ಜಾಗ ಹೇಳಬೇಡಿ. ‘ಬಳ್ಳಾರಿ ಸೀಮೆ’ ಎಂದರೆ ಸಾಕು. ಕಣ್ಣು ಅರೆ ಮುಚ್ಚಿದ ಗೂಬೆಯ ಚಿತ್ರ ನಿಮಗೆ ಸಿಕ್ಕರೆ ಅದನ್ನು ಅಳಿಸಬೇಡಿ, ಅದನ್ನೇ ಸ್ಪರ್ಧೆಗೆ ಕಳುಹಿಸಿ.