ಬಚ್ಚಲ ನೀರಿನ ಹಸಿರು

ನಮ್ಮ ಕಡೆ ಮಳೆಯ ಮೇಲೆ ಭಾರ ಹಾಕಿ ಯಾರೂ ಕೂಡುವುದಿಲ್ಲ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು, ಅದೂ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬೇಸಿಗೆಯಲ್ಲಿ ಎರಿ ಭೂಮಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅಂಥ ಸೀಮೆಯಲ್ಲಿ, ವಿಜಯಪುರದ ಹಳೇ ಓಣಿಗಳಲ್ಲಿ, ಅಥಣಿ ರಸ್ತೆಯ ತಿಕೋಟಾದಲ್ಲಿ, ಜಮಖಂಡಿ ರಸ್ತೆಯ ಬಬಲೇಶ್ವರದಲ್ಲಿ, ಮನೆಯ ಹಿಂದಿನ ಒಂದು ತುಂಡು ಜಾಗ ಮಾತ್ರ ಏಪ್ರಿಲ್‌ನಲ್ಲೂ ಹಸಿರಾಗಿರುತ್ತಿತ್ತು. ಆ ಹಿತ್ತಲಕ್ಕೆಂದು ಯಾರೂ ಬೇರೆ ನೀರು ಹೊತ್ತವರಲ್ಲ. ಮನೆಮಂದಿ ಮೈ ತೊಳೆದ ನೀರೇ ಅದರ ಪಾಲು. 1972ರ ಬರದಲ್ಲಿ ಹೊಲದಾಗ ಹಸಿರು ಕಡ್ಡಿ ಇಲ್ಲದಾಗಲೂ ಹಿತ್ತಲದ ಕರಿಬೇವು ಚಿಗುರಿತ್ತು ಎಂಬ ಮಾತನ್ನು ಹಿರಿಯರಿಂದ ಕೇಳುತ್ತಲೇ ಬೆಳೆದವಳು ನಾನು.

ಈಗ ಕೃಷ್ಣೆಯ ನೀರು ಬಂದಿದೆ. ತುಬಚಿ–ಬಬಲೇಶ್ವರ ಏತ ನೀರಾವರಿಯ ಕಾಲುವೆ ನಮ್ಮ ಒಣ ನೆಲದ ನಡುವೆ ಹರಿಯುತ್ತದೆ. ಈ ನೀರಿಗಾಗಿ ತಲೆಮಾರುಗಟ್ಟಲೆ ಕಾದ ರೈತರ ಸಂತೋಷ ನನ್ನದೂ ಹೌದು. ಆದರೆ ನೀರಿಲ್ಲದ ಕಾಲದಲ್ಲಿ ಬದುಕಿ ಉಳಿದ ಹಿತ್ತಲು ನೀರು ಬಂದ ಕಾಲದಲ್ಲಿ ಕಾಣೆಯಾಯಿತು. ಈ ಸಂಕಟ ನನ್ನನ್ನು ಬಿಡುತ್ತಿಲ್ಲ.

ಹಿತ್ತಲದಲ್ಲಿ ಯಾವ ಗಿಡ ಎಲ್ಲಿ ಇರಬೇಕು ಎಂದು ಗೊತ್ತುಮಾಡುತ್ತಿದ್ದದ್ದೂ ಆ ನೀರೇ. ಬಚ್ಚಲದ ತೂಬು ಗೋಡೆ ದಾಟಿ ಬಂದಲ್ಲಿ ಒಂದು ಚಪ್ಪಡಿ ಕಲ್ಲು, ಅದರಾಚೆ ಅಂಗೈ ಅಗಲದ ಕಾಲುವೆ. ತೂಬಿನ ಬಾಯಲ್ಲೇ ಕೆಸುವಿನ ಎಲೆ, ಎಷ್ಟು ನೀರು ನಿಂತರೂ ಅದಕ್ಕೆ ಚಿಂತೆಯಿಲ್ಲ. ಅದರ ಹಿಂದೆ ಗವತಿ ಚಹಾದ ಹುಲ್ಲು. ಅಲ್ಲಿಂದ ತುಸು ಸೋಸಿಕೊಂಡು ಬಂದ ನೀರು ಪುದೀನಕ್ಕೆ. ಅಜವಾನ ಎಲೆಯ ಗಿಡವನ್ನು ಮಾತ್ರ ಮಣ್ಣು ಏರಿಸಿ ದಿಬ್ಬದ ಮೇಲೆ ಹಚ್ಚುತ್ತಿದ್ದರು. ದೊಡ್ಡಪತ್ರೆ ಎಂದು ಬೇರೆ ಕಡೆ ಕರೆಯುವ ಈ ಗಿಡದ ದಂಟು ನೀರು ನಿಂತರೆ ಕೊಳೆತುಹೋಗುತ್ತದೆ. ಗೋಡೆಯ ಉದ್ದಕ್ಕೂ ಆಡುಸೋಗೆ, ಅದನ್ನು ಆಡು ಸಹ ಮುಟ್ಟುವುದಿಲ್ಲವಾದ್ದರಿಂದ ಅದೇ ಬೇಲಿ. ಕೊನೆಗೆ ಬೇರು ಆಳಕ್ಕಿಳಿಸುವ ಕರಿಬೇವು, ನುಗ್ಗಿ. ನೀರು ಮುಟ್ಟದ ಮೂಲೆಯಲ್ಲಿ ಲೋಳಸರ. ಬೇವಿನ ಮರ ಇದ್ದ ಮನೆಯಲ್ಲಿ ಅದಕ್ಕೆ ಅಮೃತಬಳ್ಳಿ ಹಬ್ಬಿರುತ್ತಿತ್ತು. ಮದರಂಗಿ ಗಿಡ ಎಲ್ಲರ ಮನೆಯಲ್ಲಿ ಇರುತ್ತಿರಲಿಲ್ಲ. ಇದ್ದವರ ಹಿತ್ತಲಕ್ಕೆ ನಾಗರಪಂಚಮಿಯ ಹಿಂದಿನ ದಿನ ಓಣಿಯ ಹುಡುಗಿಯರೆಲ್ಲ ನುಗ್ಗುತ್ತಿದ್ದರು.

ನಗರದ ಓಣಿಯಲ್ಲಿ ಇನ್ನೊಂದು ಗಿಡವಿತ್ತು, ಕಾಮಕಸ್ತೂರಿ. ನಮ್ಮ ಮನೆಯಲ್ಲಿ ಅದರ ತೆನೆ ದೇವರಿಗೂ ಹೆರಳಿಗೂ. ಎದುರಿನ ಮುಸ್ಲಿಂ ಮನೆಯಲ್ಲಿ ಅದರ ಬೀಜ ಸಬ್ಜಾ ಎಂದಾಗಿ ನೀರಲ್ಲಿ ನೆನೆದು ರಮಜಾನಿನ ಶರಬತ್ತಿಗೆ. ಬೀಜ ಆ ಮನೆಯಿಂದ ಈ ಮನೆಗೆ, ಈ ಮನೆಯಿಂದ ಆ ಮನೆಗೆ ಹೋಗಿ ಬರುತ್ತಲೇ ಇತ್ತು.

ಊಟದ ಎಲೆಗಳ ವಿಷಯ ಬಂದರೆ ನನಗೆ ಮೊದಲು ನೆನಪಾಗುವುದು ಹಕ್ಕರಕಿ. ಬಿಸಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರು, ಪಕ್ಕದಲ್ಲಿ ತೊಳೆದ ಹಸಿ ಹಕ್ಕರಕಿ. ತುಸು ಕಹಿ, ನಡುವೆ ಹಾಲಿನಂಥ ರಸ. ಅದನ್ನು ಯಾರೂ ಬಿತ್ತುತ್ತಿರಲಿಲ್ಲ. ಹೊಲದ ಹಸಿಯಲ್ಲಿ, ಹಿತ್ತಲದ ಅಂಚಿನಲ್ಲಿ ತಾನೇ ಬೀಜ ಉದುರಿಸಿಕೊಂಡು ತಾನೇ ಹುಟ್ಟುತ್ತಿತ್ತು. ಹತ್ತರಕಿ, ಕಿರಕಸಾಲಿ, ರಾಜಗಿರಿ, ಪುಂಡಿ, ಸಬ್ಬಸಗಿ, ಹೀಗೆ ತಪ್ಪಲ ಪಲ್ಯದ ಸಾಲು ಉದ್ದವಿತ್ತು. ಬಾಣಂತಿಗೆ ಹಾಲು ಇಳಿಯಲಿ ಎಂದು ಸಬ್ಬಸಗಿ, ಜೋಳದ ನುಚ್ಚಿಗೆ ಜೋಡಿಯಾಗಿ ಪುಂಡಿ ಪಲ್ಯ. ಊಟ ಯಾವುದು, ಮದ್ದು ಯಾವುದು ಎಂದು ಹೆಂಗಸರು ಬೇರೆ ಮಾಡಿ ನೋಡಲಿಲ್ಲ.

ಹೊತ್ತು ಮುಳುಗಿದ ಮೇಲೆ ಗಿಡ ಮುಟ್ಟಬಾರದು ಎಂಬ ಕಟ್ಟಳೆ ಇತ್ತು. ಆದರೆ ಕೂಸಿನ ಕೆಮ್ಮು ಹೊತ್ತು ನೋಡಿ ಬರುವುದಿಲ್ಲ. “ಆಯೀ, ಕೂಸಿನ ಎದಿ ಕಟ್ಟೈತ್ರಿ, ನಾಕ ಎಲಿ ಕೊಡ್ರಿ” ಎಂದು ಹಿತ್ತಲ ಬಾಗಿಲಿಗೆ ಯಾರಾದರೂ ಬಂದರೆ ನಮ್ಮ ಆಯಿ ಕಂದೀಲು ಹಿಡಿದು ಹೋಗಿ, ಅಜವಾನ ಎಲೆಯ ಗಿಡಕ್ಕೆ ಕೈ ಮುಗಿದು, “ತಾಯಿ, ಮಕ್ಕೊಂಡಿದ್ದಿ, ತಪ್ಪ ತಿಳೀಬ್ಯಾಡ” ಎಂದು ಹೇಳಿ ಎಲೆ ಚಿವುಟುತ್ತಿದ್ದಳು. ಕೊಟ್ಟ ಮೇಲೆ ಮಾತು ಮುಗಿಯುತ್ತಿರಲಿಲ್ಲ. ಹಂಚಿನ ಮೇಲೆ ಎಲೆ ಬಾಡಿಸಬೇಕು, ಸುಡಬಾರದು. ಹಿಂಡಿದ ರಸ ಇಷ್ಟೇ, ಕೂಸಿಗೆ ಕುಡಿಸುವ ಒಳಲೆಯ ಒಂದು ಮೂಲೆ ಮುಚ್ಚುವಷ್ಟು. ಆರು ತಿಂಗಳೊಳಗಿನ ಕೂಸಾದರೆ ಬಾಯಿಗೆ ಬೇಡ, ನೆತ್ತಿಗೆ ಬಾಡಿದ ಎಲೆ ಹಾಕಿದರೆ ಸಾಕು. ಎರಡು ದಿನಕ್ಕೆ ಇಳಿಯದಿದ್ದರೆ ದವಾಖಾನೆಗೆ ಒಯ್ಯಿರಿ ಎಂಬುದೂ ಆ ಮಾತಿನಲ್ಲೇ ಇತ್ತು.

ನಾನು ದುಃಖಪಡುವುದು ಗಿಡಕ್ಕಿಂತ ಹೆಚ್ಚಾಗಿ ಈ ಅಳತೆಗಾಗಿ. ಒಳಲೆ ಅಂದರೆ ಎಷ್ಟು, ಯಾರಿಗೆ, ಎಷ್ಟು ದಿನ, ಯಾವಾಗ ನಿಲ್ಲಿಸಬೇಕು ಎನ್ನುವುದು ಗಿಡದ ಜೊತೆಗೇ ಕೈ ದಾಟುತ್ತಿತ್ತು. ಆ ಎಲೆಗಳಲ್ಲಿ ಸತ್ವವಿದೆ ಎನ್ನುವುದು ನಂಬಿಕೆಯ ಮಾತಷ್ಟೇ ಅಲ್ಲ. ಕಫ ಕರಗಿಸಲು ಇಂದು ಔಷಧಿ ಅಂಗಡಿಯಲ್ಲಿ ಸಿಗುವ ಬ್ರೊಮ್‌ಹೆಕ್ಸಿನ್ ಸಿದ್ಧವಾದದ್ದು ಆಡುಸೋಗೆಯಲ್ಲಿರುವ ವ್ಯಾಸಿಸಿನ್ ಎಂಬ ಅಂಶದ ಜಾಡು ಹಿಡಿದು. ಆಂಬ್ರಾಕ್ಸಾಲ್ ಕೂಡ ಅದೇ ಬಳಗದ್ದು. ಸತ್ವವಿರುವುದರಿಂದಲೇ ಅಳತೆ ಬೇಕು. ಕೊರೋನಾ ಕಾಲದಲ್ಲಿ ಜನ ಅಮೃತಬಳ್ಳಿಗೆ ಮುಗಿಬಿದ್ದರು, ತಿಂಗಳುಗಟ್ಟಲೆ ಕುದಿಸಿ ಕುಡಿದರು. 2021ರಲ್ಲಿ ಮುಂಬಯಿಯ ವೈದ್ಯರು ಅಮೃತಬಳ್ಳಿ ಸೇವಿಸಿದ ಕೆಲವರ ಯಕೃತ್ತಿಗೆ ಪೆಟ್ಟಾದದ್ದನ್ನು ವರದಿ ಮಾಡಿದರು. ಅದನ್ನೇ ಹೋಲುವ ಬೇರೆ ಬಳ್ಳಿ ಬಳಸಿರಬಹುದೆಂದು ಆಯುಷ್ ಸಚಿವಾಲಯ ಹೇಳಿತು. ಯಾರ ಮಾತು ಸರಿಯಾದರೂ ಕೊರತೆ ಒಂದೇ. ಬಳ್ಳಿಯನ್ನು ಗುರುತಿಸಿ, ಜ್ವರ ಬಂದ ಮೂರು ದಿನ ಸಾಕು ಎಂದು ಕೈ ಹಿಡಿದು ನಿಲ್ಲಿಸುವ ಹಿರಿಯಳು ಮನೆಯಲ್ಲಿರಲಿಲ್ಲ.

ವಿಜಯಪುರಕ್ಕೆ ಮೂಲಿಕೆಗಳ ತಿಳಿವಳಿಕೆಯನ್ನು ಬರೆದಿಡುವ ಪರಂಪರೆ ಇಲ್ಲದಿಲ್ಲ. 1589ರಲ್ಲಿ ಇಲ್ಲಿಗೆ ಬಂದು ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಶ್ರಯದಲ್ಲಿ ಉಳಿದ ಫರಿಷ್ತಾನನ್ನು ನಾವು ಇತಿಹಾಸಕಾರ ಎಂದಷ್ಟೇ ಬಲ್ಲೆವು. ನಮ್ಮ ವೈದ್ಯರ ಔಷಧ, ಆಹಾರಗಳ ಅರಿವನ್ನು ಪರ್ಶಿಯನ್ ಭಾಷೆಯಲ್ಲಿ ಸಂಗ್ರಹಿಸಿ ಅವನು ‘ದಸ್ತೂರ್-ಉಲ್-ಅತಿಬ್ಬಾ’ ಎಂಬ ಗ್ರಂಥ ಬರೆದ. ಅದೇ ಆಸ್ಥಾನದಲ್ಲಿ ಸುಗಂಧಗಳ ಬಗ್ಗೆ ‘ಇತ್ರ್-ಎ-ನೌರಸ್ ಶಾಹಿ’ ಹುಟ್ಟಿತು. ಆಸ್ಥಾನದ ಅರಿವಿಗೆ ಲೇಖಣಿ ಸಿಕ್ಕಿತು. ಹಿತ್ತಲದ ಹೆಂಗಸರ ಅರಿವು ಬಾಯಲ್ಲೇ ಉಳಿಯಿತು.

ಹಿತ್ತಲು ಹೋದದ್ದು ಒಂದೇ ಕಾರಣಕ್ಕಲ್ಲ. ತಿಕೋಟಾ, ಬಬಲೇಶ್ವರ ಈಗ ತಾಲ್ಲೂಕು ಕೇಂದ್ರಗಳು. ಜಾಗಕ್ಕೆ ಬೆಲೆ ಬಂದಿದೆ, ಅಣ್ಣತಮ್ಮಂದಿರ ಪಾಲಾದಾಗ ಹಿತ್ತಲವೇ ಒಬ್ಬರ ಮನೆಯಾಗುತ್ತದೆ. ಉಳಿದ ಜಾಗಕ್ಕೆ ಫರಸಿ ಹಾಸುತ್ತಾರೆ, ಕೆಸರಾಗಬಾರದೆಂದು. ಬಚ್ಚಲ ನೀರೂ ಮೊದಲಿನದಲ್ಲ. ಸೀಗೆಪುಡಿ, ಕಡ್ಲಿಹಿಟ್ಟು ತೊಳೆದು ಬಂದ ನೀರನ್ನು ಗಿಡ ಸಹಿಸುತ್ತಿತ್ತು. ಈಗ ಶಾಂಪೂ, ಡಿಟರ್ಜೆಂಟ್ ಕಲಸಿದ ನೀರು ಸೀದಾ ಪೈಪಿನಲ್ಲಿ ಗಟಾರಕ್ಕೆ. ಬೋರ್‌ವೆಲ್ ನೀರು ಹಾಕೋಣವೆಂದರೆ ಅನೇಕ ಕಡೆ ಸವಳು, ಪುದೀನದ ಎಲೆಯ ಅಂಚು ಸುಡುತ್ತದೆ. ಹೊಲದ ಕಡೆ ದ್ರಾಕ್ಷಿ ಬಂದಿದೆ. ತಿಕೋಟಾದ ಸುತ್ತ ಒಣದ್ರಾಕ್ಷಿಯ ಶೆಡ್ಡುಗಳ ಸಾಲು ನೋಡಿದರೆ ಈ ಬರದ ನೆಲ ಎಷ್ಟು ದುಡಿದಿದೆ ಎಂದು ಹೆಮ್ಮೆಯಾಗುತ್ತದೆ. ಆದರೆ ದ್ರಾಕ್ಷಿಗೆ ರೋಗದ ಭಯ, ಹೀಗಾಗಿ ಮೇಲಿಂದ ಮೇಲೆ ಎಣ್ಣೆ ಹೊಡೆಯಬೇಕು. ಅಂಥ ತೋಟದ ಬದುವಿನಲ್ಲಿ ಹುಟ್ಟಿದ ಎಲೆಯನ್ನು ಯಾವ ತಾಯಿ ತಂದು ಬಡಿಸಿಯಾಳು? ಕಳೆನಾಶಕದ ಕಣ್ಣಿಗೆ ಹಕ್ಕರಕಿಯೂ ಕಳೆಯೇ.

ವಿಜಯಪುರದ ಎ.ವಿ.ಎಸ್. ಆಯುರ್ವೇದ ಮಹಾವಿದ್ಯಾಲಯದಂಥ ಕಾಲೇಜುಗಳು ಔಷಧಿವನ ಇಟ್ಟುಕೊಳ್ಳಲೇಬೇಕೆಂಬ ನಿಯಮವಿದೆ. ಒಳ್ಳೆಯ ನಿಯಮ, ಗಿಡದ ಕುಲ ಉಳಿಯುತ್ತದೆ. ಟೆರೇಸಿನ ಮೇಲೆ ಕುಂಡದಲ್ಲಿ ತುಳಸಿ, ಪುದೀನ ಬೆಳೆಸುವ ಹೊಸ ಸೊಸೆಯಂದಿರನ್ನು ಕಂಡರೂ ನನಗೆ ಅಕ್ಕರೆ. ಆದರೆ ಅವರು ಕುಂಡಕ್ಕೆ ಹಾಕುವುದು ಕುಡಿಯುವ ನೀರು. ಕೆಳಗೆ ಮೂರು ಬಚ್ಚಲುಗಳ ನೀರು ಯಾವ ಬೇರನ್ನೂ ಮುಟ್ಟದೆ ಊರಾಚೆ ಹೋಗುತ್ತಿರುತ್ತದೆ. ಗಾಂಧಿ ಚೌಕದಿಂದ ಕೊತ್ತಂಬರಿ, ಮೆಂತೆ ಕೊಂಡು ತರುವ ನಾವು ಹತ್ತರಕಿಯನ್ನು ಕೇಳುವುದನ್ನೇ ಬಿಟ್ಟಿದ್ದೇವೆ. ಕೇಳುವವರಿಲ್ಲವೆಂದು ಹಳ್ಳಿಯ ಹೆಂಗಸರೂ ಅದನ್ನು ಬುಟ್ಟಿಗೆ ಹಾಕುವುದು ಕಡಿಮೆ ಮಾಡಿದ್ದಾರೆ.

ಯಾವ ಗಿಡಕ್ಕೆ ತೂಬಿನಿಂದ ಎಷ್ಟು ದೂರ, ಯಾವ ಎಲೆಯ ರಸ ಎಷ್ಟು ಒಳಲೆ ಎಂದು ಬಲ್ಲವರು ಇನ್ನೂ ಬಬಲೇಶ್ವರದ ಹಳೇ ಮನೆಗಳಲ್ಲಿದ್ದಾರೆ. ಎಂಬತ್ತು ದಾಟಿದವರು. ಅವರ ಮೊಮ್ಮಕ್ಕಳು ವಿಜಯಪುರದಲ್ಲೋ ಪುಣೆಯಲ್ಲೋ ಇದ್ದಾರೆ, ಹಬ್ಬಕ್ಕೆ ಬರುತ್ತಾರೆ. ಮುಂದಿನ ಎಳ್ಳ ಅಮಾವಾಸ್ಯೆಗೆ ಬಂದವರು ಹೊಲಕ್ಕೆ ಚರಗ ಚೆಲ್ಲಿ ತಿರುಗಿ ಬಸ್ಸು ಹತ್ತುವ ಮೊದಲು ಆಯಿಯನ್ನು ಹಿತ್ತಲಕ್ಕೆ ಕರೆದೊಯ್ದು, ಒಂದೊಂದೇ ಗಿಡದ ಮುಂದೆ ನಿಲ್ಲಿಸಿ, ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳಲಿ. ಹಿತ್ತಲು ಇನ್ನೂ ಉಳಿದಿರುವ ಮನೆಗಳಲ್ಲಾದರೂ.